ಬರವಣಿಗೆ ಕೇಂದ್ರಕ್ಕೆ ಹೋಗಿ ಎಂದು ಬರೆದಿದ್ದಾರೆ, ಹೋಗಲೇ?

ಮುಳಬಾಗಿಲಿನ ಹುಡುಗಿ

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪರಿಸರ ಎಂಜಿನಿಯರಿಂಗ್ ಎಂ.ಎಸ್. ಓದುತ್ತಿದ್ದೇನೆ. ಮೊದಲ ಸೆಮಿಸ್ಟರ್, ಬಂದು ಹತ್ತು ವಾರವಾಗಿದೆ. ಒಂದು ಕೋರ್ಸಿಗೆ ಹನ್ನೆರಡು ಪುಟಗಳ ಲಿಟರೇಚರ್ ರಿವ್ಯೂ, ಅಂದರೆ ಒಂದು ವಿಷಯದ ಮೇಲೆ ಈಗಾಗಲೇ ಬಂದಿರುವ ಸಂಶೋಧನಾ ಲೇಖನಗಳ ವಿಮರ್ಶೆ, ಬರೆಯಬೇಕು. ವಿಷಯವನ್ನು ನಾನೇ ಆರಿಸಿಕೊಂಡೆ: ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಮತ್ತು ಅಂತರ್ಜಲ. ಮನೆಯ ಹಿಂದಿನ ಕೊಳವೆಬಾವಿ ಬತ್ತಿದ್ದನ್ನು ಕಣ್ಣಾರೆ ಕಂಡವಳು ನಾನು. ಈ ವಿಷಯದಲ್ಲಿ ತರಗತಿಯಲ್ಲಿ ಯಾರೂ ನನ್ನ ಹತ್ತಿರ ಸುಳಿಯಲಾರರು ಎಂಬ ಜಂಬವೂ ಇತ್ತು.

ನಾಲ್ಕು ಪುಟಗಳ ಮೊದಲ ಕರಡು ಕೊಟ್ಟಿದ್ದೆ. ಮೊನ್ನೆ ವಾಪಸ್ ಬಂತು. ಅಂಚಿನಲ್ಲೆಲ್ಲ ‘ಸ್ಪಷ್ಟವಿಲ್ಲ’, ‘ತೊಡಕಾಗಿದೆ’ ಎಂಬ ಟಿಪ್ಪಣಿಗಳು. ಎರಡು ಕಡೆ ‘ಸೋ ವಾಟ್?’ ಎಂದಿತ್ತು, ಅಂದರೆ ‘ಅದಕ್ಕೇನೀಗ?’. ಕೊನೆಯಲ್ಲಿ ಒಂದೇ ಸಾಲು: ದಯವಿಟ್ಟು ರೈಟಿಂಗ್ ಸೆಂಟರ್‌ಗೆ ಹೋಗಿ. ವಿದ್ಯಾರ್ಥಿಗಳ ಬರವಣಿಗೆಗೆ ಸಹಾಯ ಮಾಡಲು ವಿಶ್ವವಿದ್ಯಾಲಯವೇ ನಡೆಸುವ ಕೇಂದ್ರವಂತೆ ಅದು.

ಓದಿ ಮುಖ ಸಪ್ಪಗಾಯಿತು. ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿಯಲ್ಲಿ ಭೌತಶಾಸ್ತ್ರ ಒಮ್ಮೆಲೇ ಇಂಗ್ಲಿಷಿಗೆ ತಿರುಗಿದಾಗ ಮೂರು ತಿಂಗಳು ಅತ್ತಿದ್ದೆ, ಆಮೇಲೆ ದಾರಿ ಸಿಕ್ಕಿತು. ಜಿಆರ್‌ಇ, ಐಇಎಲ್‌ಟಿಎಸ್ ಪರೀಕ್ಷೆ ಎಲ್ಲವೂ ಆಯಿತು. ಈಗ ಇಪ್ಪತ್ಮೂರನೆಯ ವಯಸ್ಸಿನಲ್ಲಿ ಮತ್ತೆ ಟ್ಯೂಷನ್! ಬಿ.ಇ. ಓದುವಾಗ ನಾನೇ ಬೀದಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ, ಚಾಪೆಯ ಆ ಬದಿಯಲ್ಲಿ ಕುಳಿತು ಅಭ್ಯಾಸವಿಲ್ಲ.

ನನ್ನ ಸಂದೇಹಗಳು: ಅಲ್ಲಿ ವ್ಯಾಕರಣ ತಿದ್ದಿಕೊಡುತ್ತಾರೆಯೇ? ಹಣ ಕೊಡಬೇಕೇ? ನಾನು ಹೋಗಿದ್ದು, ನಾನು ಎಷ್ಟು ದಡ್ಡಿ ಎನ್ನುವುದು ಪ್ರೊಫೆಸರರಿಗೆ ತಿಳಿಯುತ್ತದೆಯೇ? ಅವರು ಹೇಳಿಕೊಟ್ಟ ವಾಕ್ಯ ಬರೆದರೆ ಅದು ನಕಲು ಆಗುವುದಿಲ್ಲವೇ? ಲ್ಯಾಬಿನ ಗೆಳೆಯನೊಬ್ಬ ‘ಎಐಗೆ ಹಾಕು, ಎರಡು ನಿಮಿಷದ ಕೆಲಸ’ ಎನ್ನುತ್ತಾನೆ. ಆದರೆ ಈ ಕೋರ್ಸಿನ ನಿಯಮಪತ್ರದಲ್ಲಿ ಅದು ಕೂಡದು ಎಂದು ದಪ್ಪ ಅಕ್ಷರದಲ್ಲಿದೆ. ವೀಸಾದ ಮೇಲೆ ಬಂದವಳಿಗೆ ಅಂಥ ಧೈರ್ಯವೂ ಇಲ್ಲ.

ಕೊನೆಯ ದಿನಾಂಕಕ್ಕೆ ಹನ್ನೊಂದು ದಿನವಿದೆ.

---

ನಾಲ್ಕನೇ ಚಳಿಗಾಲ

ಪಿಎಚ್‌.ಡಿ. ನಾಲ್ಕನೆಯ ವರ್ಷದಲ್ಲಿದ್ದೇನೆ. ಬೇರೆ ವಿಶ್ವವಿದ್ಯಾಲಯ, ಆದರೆ ಈ ಕೇಂದ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತವೆ.

ಹಣ ಬೇಡ. ನೀವು ಸೆಮಿಸ್ಟರ್ ಆರಂಭದಲ್ಲಿ ಕಟ್ಟಿದ ಶುಲ್ಕದ ಉದ್ದನೆಯ ಪಟ್ಟಿ ನೆನಪಿದೆಯೇ? ಇಂಥ ಸೇವೆಗಳ ಖರ್ಚು ಆ ಹಣದಲ್ಲೇ ಬಂತು ಎಂದುಕೊಳ್ಳಿ. ಹೋಗದಿದ್ದರೆ ನಷ್ಟ ನಿಮಗೇ.

ಇವತ್ತೇ ಕಾಲ ಗೊತ್ತುಮಾಡಿಕೊಳ್ಳಿ. ನವೆಂಬರ್ ಬಂತೆಂದರೆ ಜಾಗ ಸಿಗುವುದಿಲ್ಲ, ಸಂಕ್ರಾಂತಿಗೆ ಊರಿಗೆ ಹೋಗುವ ಬಸ್ಸಿನ ಹಾಗೆ. ಖಾಲಿ ಇಲ್ಲವೆಂದರೆ ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಹಾಕಿ, ಬೆಳಿಗ್ಗೆ ಎಂಟಕ್ಕೆ ಯಾರಾದರೂ ರದ್ದು ಮಾಡಿಯೇ ಮಾಡುತ್ತಾರೆ. ಸಾಮಾನ್ಯವಾಗಿ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಕೊಡುತ್ತಾರೆ. ಅಷ್ಟರಲ್ಲಿ ಹನ್ನೆರಡು ಪುಟ ಆಗುವುದಿಲ್ಲ. ಮೂರು ಪುಟ ಒಯ್ಯಿರಿ. ಅದಕ್ಕಿಂತ ಮುಖ್ಯವಾಗಿ ಪ್ರೊಫೆಸರ್ ಕೊಟ್ಟ ಸೂಚನಾಪತ್ರವನ್ನೂ ಆ ‘ಸೋ ವಾಟ್’ ಇರುವ ಪ್ರತಿಯನ್ನೂ ಒಯ್ಯಿರಿ. ನಾನು ಮೊದಲ ಸಲ ಅವಮಾನವೆಂದು ಟಿಪ್ಪಣಿಯ ಪ್ರತಿಯನ್ನು ಚೀಲದಲ್ಲೇ ಬಚ್ಚಿಟ್ಟು, ಅಚ್ಚುಕಟ್ಟಾದ ಹೊಸ ಪ್ರತಿ ತೋರಿಸಿದೆ. ವೈದ್ಯರ ಬಳಿ ಹೋಗಿ ನೋವು ಎಲ್ಲಿದೆ ಎಂದು ಹೇಳದೆ ಬಂದ ಹಾಗಾಯಿತು.

ತಿದ್ದಿಕೊಡುತ್ತಾರೆಯೇ ಎಂದರೆ, ಇಲ್ಲ. ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು, ತರಕಾರಿ ತಂದು, ಬರುವಾಗ ಹಿಟ್ಟು ಹಿಡಿದುಕೊಂಡು ಹೋಗುವ ವ್ಯವಸ್ಥೆ ಇದಲ್ಲ. ಪಕ್ಕದಲ್ಲಿ ಕುಳಿತು ಬೀಸುವವರು ನೀವೇ.

ಪ್ರೊಫೆಸರರಿಗೆ ಸಾಮಾನ್ಯವಾಗಿ ನೀವು ಒಪ್ಪಿದರೆ ಮಾತ್ರ ವರದಿ ಹೋಗುತ್ತದೆ. ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆಗೆ ಇಲ್ಲಿ 1974ರಿಂದ ಫೆರ್ಪಾ ಎಂಬ ಕಾನೂನಿದೆ, ಈ ವಿಷಯದಲ್ಲಿ ಎಲ್ಲರೂ ಎಚ್ಚರದಿಂದಿರುತ್ತಾರೆ. ನಿಮ್ಮ ಪ್ರೊಫೆಸರರೇ ಹೋಗಿ ಎಂದಿರುವುದರಿಂದ ‘ಹೌದು, ಕಳುಹಿಸಿ’ ಎನ್ನಿ. ಅವರಿಗೆ ಸಂತೋಷವೇ ಆಗುತ್ತದೆ.

ಇನ್ನೊಂದು ಮಾತು. ಆಕರ ಸೂಚಿಯ ಅಲ್ಪವಿರಾಮಗಳಿಗಾಗಿ ಆ ಮುಕ್ಕಾಲು ಗಂಟೆ ಕಳೆಯಬೇಡಿ. ಪರ್ಡ್ಯೂ ವಿಶ್ವವಿದ್ಯಾಲಯದ ‘ಔಲ್’ ಎಂಬ ಜಾಲತಾಣದಲ್ಲಿ ಆಕರಗಳನ್ನು ಸೂಚಿಸುವ ಎಪಿಎ ಶೈಲಿಯ ಏಳನೆಯ ಆವೃತ್ತಿಯ ಪದ್ಧತಿ ಪೂರ್ತಿ ಇದೆ. ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಬರಹದ ಒಳಗೆ ಮೊದಲ ಉಲ್ಲೇಖದಿಂದಲೇ ಮೊದಲ ಲೇಖಕರ ಹೆಸರು ಬರೆದು ‘ಎಟ್ ಆಲ್’ (ಮತ್ತು ಇತರರು) ಹಾಕಿದರೆ ಸಾಕು. ಇದು ಗೊತ್ತಿಲ್ಲದೆ ಐದೈದು ಹೆಸರು ಟೈಪ್ ಮಾಡಿ ಬೆರಳು ನೋಯಿಸಿಕೊಂಡವನು ನಾನು.

---

ಕಾಂಕ್ರೀಟು

ಎಲ್ಲರೂ ಹೊಗಳುತ್ತಾರೆ ಎಂದು ನಾನೊಬ್ಬ ಬೇರೆ ಮಾತು ಹೇಳುತ್ತೇನೆ. ಎರಡು ಸಲ ಹೋದೆ, ಎರಡೂ ಸಲ ಸಮಯ ಹಾಳು. ನನ್ನದು ಹಾರುಬೂದಿ ಬೆರೆಸಿದ ಕಾಂಕ್ರೀಟಿನ ಪ್ರಬಂಧ. ಸಿಕ್ಕಿದ್ದು ಇತಿಹಾಸ ಓದುವ ಪದವಿ ವಿದ್ಯಾರ್ಥಿ, ನನಗಿಂತ ಆರು ವರ್ಷ ಚಿಕ್ಕವನು. ‘ಮಾದರಿಗಳನ್ನು 28 ದಿನ ಕ್ಯೂರಿಂಗ್ ಮಾಡಲಾಯಿತು’ ಎಂದು ಬರೆದಿದ್ದರೆ, ಮಾಡಿದವರು ಯಾರು, ‘ನಾವು ಮಾಡಿದೆವು’ ಎಂದು ಬರೆಯಬಾರದೇ ಎಂದ. ಹದಿನೇಳು ಕಡೆ ಬದಲಿಸಿದೆ. ನನ್ನ ಗೈಡ್ ಹದಿನೇಳನ್ನೂ ಮತ್ತೆ ‘ಮಾಡಲಾಯಿತು’ ಮಾಡಿಸಿದರು.

ನನ್ನ ಸಲಹೆ: ನಿಮ್ಮ ಲ್ಯಾಬಿನ ಸೀನಿಯರ್ ಯಾರನ್ನಾದರೂ ಊಟಕ್ಕೆ ಕರೆದು, ಬಿಸಿಬೇಳೆಬಾತ್ ಬಡಿಸಿ, ಆಮೇಲೆ ಕರಡನ್ನು ಮುಂದಿಡಿ.

---

ಹಸಿರು ಪೆನ್ನು

ನಾನು ಧಾರವಾಡದವಳು. ಇಲ್ಲಿ ಎಂ.ಎ. ಓದುವಾಗ ಎರಡು ವರ್ಷ ಇಂಥದೇ ಕೇಂದ್ರದಲ್ಲಿ ಟ್ಯೂಟರ್ ಆಗಿದ್ದೆ, ಮೇಜಿನ ಆ ಬದಿಯ ಮಾತನ್ನು ನಾನು ಹೇಳುತ್ತೇನೆ.

ಕಾಂಕ್ರೀಟು ಅವರ ಸಿಟ್ಟು ನ್ಯಾಯವಾದದ್ದೇ. ಕರ್ಮಣಿ ಪ್ರಯೋಗ ಕಂಡೊಡನೆ ಹಾವು ಕಂಡಂತೆ ಹಾರುವ ಟ್ಯೂಟರುಗಳು ಇದ್ದಾರೆ, ಶುರುವಿನಲ್ಲಿ ನಾನೂ ಹಾಗೆಯೇ ಇದ್ದೆ. ಎಂಜಿನಿಯರಿಂಗ್ ಬರವಣಿಗೆಯ ರೂಢಿ ಬೇರೆ. ಆದ್ದರಿಂದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಟ್ಯೂಟರುಗಳ ಪರಿಚಯ ಓದಿ. ವಿಜ್ಞಾನದವರು, ಸ್ನಾತಕೋತ್ತರ ವಿದ್ಯಾರ್ಥಿಗಳು ಇದ್ದರೆ ಅವರನ್ನೇ ಆರಿಸಿ. ಆದರೆ ವಿಷಯ ಗೊತ್ತಿಲ್ಲದವರಿಂದ ಒಂದು ಲಾಭವಿದೆ. ಅವರು ಅರ್ಥವಾದಂತೆ ತಲೆಯಾಡಿಸಲಾರರು.

ನಾವು ಏಕೆ ತಿದ್ದುವುದಿಲ್ಲ ಎಂದರೆ, ತಿದ್ದಿ ನೋಡಿದ್ದೇನೆ. ಮೊದಲ ಸೆಮಿಸ್ಟರಿನಲ್ಲಿ ಒಬ್ಬ ಹುಡುಗನ ಮೇಲೆ ಕನಿಕರವಾಗಿ ಎರಡು ಪುಟದ ತಪ್ಪುಗಳನ್ನೆಲ್ಲ ನಾನೇ ಸರಿಮಾಡಿದೆ. ಅವನು ಕೈಮುಗಿಯುವುದೊಂದು ಬಾಕಿ. ಮುಂದಿನ ವಾರ ಬಂದ, ಅವೇ ತಪ್ಪುಗಳು, ಅದೇ ಕ್ರಮದಲ್ಲಿ. ನಕಲಿನ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಪೆನ್ನು ನಿಮ್ಮ ಕೈಯಲ್ಲಿರುವವರೆಗೆ ಅದು ನಿಮ್ಮ ಬರಹ. ಟ್ಯೂಟರ್ ಪ್ರಶ್ನೆ ಕೇಳುತ್ತಾಳೆ, ಉತ್ತರ ನಿಮ್ಮದು.

ನಮಗೆ ಕಲಿಸಿದ್ದ ಕ್ರಮವೂ ಹೀಗೆ: ಮೊದಲು ದೊಡ್ಡದು, ಆಮೇಲೆ ಚಿಕ್ಕದು. ಲೇಖನ ಏನು ಹೇಳುತ್ತಿದೆ, ಯಾವ ಕ್ರಮದಲ್ಲಿ ಹೇಳುತ್ತಿದೆ ಎಂಬುದು ಗಟ್ಟಿಯಾದ ಮೇಲೆ ವಾಕ್ಯಕ್ಕೆ ಬರುತ್ತೇವೆ. ನಾಳೆ ಕಿತ್ತುಹಾಕಲಿರುವ ಪ್ಯಾರಾದಲ್ಲಿ ಕಾಗುಣಿತ ತಿದ್ದಿ ಏನು ಪ್ರಯೋಜನ? ‘ಬರೀ ಗ್ರಾಮರ್ ನೋಡಿ’ ಎಂದುಕೊಂಡೇ ಬರುವವರಿಗೆ ಇದರಿಂದ ಕಿರಿಕಿರಿಯಾಗುತ್ತದೆ. ನಿಮಗೂ ಆಗಬಹುದು.

ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಶಾಲೆಯಲ್ಲಿ ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ನಮ್ಮ ಅಭಿಪ್ರಾಯವೇನಿದ್ದರೂ ಉಪಸಂಹಾರದಲ್ಲಿ ವಿನಯದಿಂದ ಒಂದು ಸಾಲು. ಇಲ್ಲಿಯ ಪ್ರೊಫೆಸರಿಗೆ ಅದು ಮೊದಲ ಪುಟದಲ್ಲೇ ಬೇಕು. ನಿಮ್ಮ ‘ಅದಕ್ಕೇನೀಗ?’ ಎಂಬುದರ ಉತ್ತರ ಕೊನೆಯ ಪ್ಯಾರಾದಲ್ಲಿ ಅಡಗಿ ಕುಳಿತಿರುತ್ತದೆ, ಬೇಕಾದರೆ ಪಂಥ ಕಟ್ಟುತ್ತೇನೆ. ಇನ್ನು ‘ದಿ’, ‘ಎ’. ಕನ್ನಡದಲ್ಲಿ ಆ ಉಪಪದಗಳೇ ಇಲ್ಲ, ಕಿವಿಯಲ್ಲಿ ಅದಕ್ಕೆ ಜಾಗವಿಲ್ಲ. ಅದರ ಬಗ್ಗೆ ನಾಚಿಕೆ ಬೇಡ, ನನಗೆ ಈಗಲೂ ತಪ್ಪುತ್ತದೆ. ‘ಡಿಸ್ಕಸ್ ಅಬೌಟ್’ ಎಂದು ಬರೆದಿದ್ದರೆ ಮಾತ್ರ ಹೋಗುವ ಮುಂಚೆಯೇ ‘ಅಬೌಟ್’ ಅಳಿಸಿಬಿಡಿ, ಒಂದು ನಿಮಿಷ ಉಳಿಯುತ್ತದೆ.

ಹೋಗುವ ಹಿಂದಿನ ರಾತ್ರಿ ಒಂದು ಕೆಲಸ ಮಾಡಿ. ಕರಡನ್ನು ಮುದ್ರಿಸಿ, ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಹೇಳುವುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಬರೆಯಲು ಆಗದ ಪ್ಯಾರಾವನ್ನು ಮೊದಲು ತೋರಿಸಿ.

---

ಕಾಲೇಜು ಮೇಷ್ಟ್ರು

ನೋಡಮ್ಮ, ನಾನು ಕರ್ನಾಟಕದ ಒಂದು ಪದವಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಬರವಣಿಗೆಗೆ ಕೂಡಿಸಿಕೊಂಡು ಸಹಾಯ ಮಾಡಲು ಒಂದು ಕೋಣೆ, ಅಲ್ಲಿ ಸಂಬಳ ಪಡೆಯುವ ವಿದ್ಯಾರ್ಥಿಗಳು ಎನ್ನುವುದನ್ನು ಓದಿ ಹೊಟ್ಟೆಕಿಚ್ಚಾಯಿತು. ನಮ್ಮ ಹುಡುಗರಿಗೆ ಬರವಣಿಗೆ ಕೇಂದ್ರವೆಂದರೆ ಗೇಟಿನ ಎದುರಿನ ಡಿಟಿಪಿ ಅಂಗಡಿ. ಅಲ್ಲಿ ಪ್ರಾಜೆಕ್ಟ್ ವರದಿಯ ಕೃತಜ್ಞತೆಯ ಪುಟ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇರುತ್ತದೆ, ಹೆಸರು ಬದಲಿಸಿ ಸ್ಪೈರಲ್ ಬೈಂಡಿಂಗ್ ಹಾಕಿದರೆ ಮುಗಿಯಿತು. ಒಂದು ವರ್ಷ ನಾಲ್ಕು ವರದಿಗಳಲ್ಲಿ ಒಂದೇ ಅಜ್ಜಿಗೆ ಕೃತಜ್ಞತೆ ಸಂದಿತ್ತು.

2018ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕೃತಿಚೌರ್ಯ ತಡೆಯುವ ನಿಯಮ ತಂದಿತು. ಬೇರೆಯವರ ಬರಹದೊಂದಿಗೆ ಹೋಲಿಕೆ ಶೇಕಡಾ 10ರೊಳಗಿದ್ದರೆ ದಂಡವಿಲ್ಲ. ಅಂದಿನಿಂದ ಸಂಶೋಧನಾ ವಿದ್ಯಾರ್ಥಿಗಳು ನನ್ನ ಬಳಿ ಬಂದು ಕೇಳುವುದು ಒಂದೇ, ‘ಸರ್, ಪರ್ಸೆಂಟೇಜ್ ಇಳಿಸುವುದು ಹೇಗೆ?’. ಬರೆಯುವುದು ಹೇಗೆ ಎಂದು ಕೇಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಹೋಗಿ ಬಂದು, ಅಲ್ಲಿ ಏನು ನಡೆಯಿತೆಂದು ವಿವರವಾಗಿ ಬರೆಯಮ್ಮ. ನನಗೆ ಸ್ವಾರ್ಥವಿದೆ, ಮಧ್ಯಾಹ್ನ ಖಾಲಿ ಇರುವ ಒಂದು ಕೋಣೆ ನಮ್ಮಲ್ಲೂ ಇದೆ.

---

ಮುಳಬಾಗಿಲಿನ ಹುಡುಗಿ

ಹೋಗಿ ಬಂದೆ. ಮೇಷ್ಟ್ರು ಕೇಳಿದ್ದಾರೆಂದು ಎಲ್ಲವನ್ನೂ ಬರೆಯುತ್ತಿದ್ದೇನೆ, ಉದ್ದವಾದರೆ ಕ್ಷಮಿಸಿ.

ಗ್ರಂಥಾಲಯದ ಎರಡನೆಯ ಮಹಡಿ. ದುಂಡು ಮೇಜುಗಳು, ಒಂದು ಬುಟ್ಟಿಯಲ್ಲಿ ಚಾಕೊಲೇಟು. ನನ್ನ ಟ್ಯೂಟರ್ ನಾಟಕ ಓದುವ ಮೂರನೆಯ ವರ್ಷದ ಹುಡುಗಿ. ವಿಜ್ಞಾನದವರ ವೇಳೆ ಒಂದೂ ಉಳಿದಿರಲಿಲ್ಲ. ಕಾಂಕ್ರೀಟು ಅವರ ಮಾತು ನೆನಪಾಗಿ, ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಮೊದಲು ಸೂಚನಾಪತ್ರ ಓದಿದಳು, ಆಮೇಲೆ ಪ್ರೊಫೆಸರರ ಟಿಪ್ಪಣಿ. ಇವತ್ತು ಏನಾದರೆ ನಿನಗೆ ಸಮಾಧಾನ ಎಂದು ಕೇಳಿದಳು. ಗ್ರಾಮರ್ ಎಂದೆ. ಆಗಲಿ ಎಂದು ಬರೆದುಕೊಂಡು, ಮೊದಲ ಎರಡು ಪುಟ ನೀನೇ ಗಟ್ಟಿಯಾಗಿ ಓದು ಎಂದಳು. ಅಕ್ಕಪಕ್ಕದ ಮೇಜಿನಲ್ಲಿ ಜನರಿದ್ದರು. ಐದನೆಯ ತರಗತಿಯಲ್ಲಿ ಎದ್ದು ನಿಂತು ಪದ್ಯ ಓದಿದ ಹಾಗೆ ಓದತೊಡಗಿದೆ. ‘ಮಾನವ ನಾಗರಿಕತೆಯ ಆರಂಭದಿಂದಲೂ ನೀರು...’ ಎಂಬ ನನ್ನ ಪೀಠಿಕೆ ನನ್ನ ಬಾಯಿಗೇ ಒಣ ರಾಗಿ ಹಿಟ್ಟಿನಂತೆ ಮೆತ್ತಿಕೊಂಡಿತು. ಮೂರನೆಯ ವಾಕ್ಯದಲ್ಲಿ ನನಗೇ ಉಸಿರು ಸಾಲಲಿಲ್ಲ. ‘ತೊಡಕಾಗಿದೆ’ ಎಂದರೆ ಏನು ಎಂದು ಯಾರೂ ವಿವರಿಸಬೇಕಾಗಲಿಲ್ಲ.

ಅಷ್ಟರಲ್ಲಿ ಅವಳು ಕೈಯೆತ್ತಿ ಕೇಳಿದಳು. ‘126 ಟ್ಯಾಂಕ್‌ಗಳು ಎಂದಿದ್ದೀಯಲ್ಲ, ಅಷ್ಟೊಂದು ಟ್ಯಾಂಕ್ ಕಟ್ಟಲು ಸರ್ಕಾರಕ್ಕೆ ಎಷ್ಟು ಖರ್ಚಾಯಿತು?’

ನನಗೆ ಅರ್ಥವಾಗಲಿಲ್ಲ. ಕಟ್ಟಿದ್ದು ಯಾರು, ನೂರಾರು ವರ್ಷದ ಹಿಂದಿನವು ಎಂದೆ. ಅವಳಿಗೆ ಇನ್ನೂ ಗೊಂದಲ. ನೂರಾರು ವರ್ಷ ಹಳೆಯ ಟ್ಯಾಂಕಿನ ನೀರು ನೆಲಕ್ಕೆ ಇಂಗುವುದು ಹೇಗೆ, ತಳ ತೂತಾಗಿದೆಯೇ ಎಂದಳು. ಆಗ ಹೊಳೆಯಿತು. ಅವಳ ಕಣ್ಣಮುಂದೆ ಇದ್ದದ್ದು ಕಬ್ಬಿಣದ ನೀರಿನ ಟ್ಯಾಂಕು! ನಾವು ಕೆರೆಗೆ ‘ಟ್ಯಾಂಕ್’ ಎನ್ನುತ್ತೇವೆ, ಸರ್ಕಾರಿ ಕಡತದಿಂದ ಪಠ್ಯಪುಸ್ತಕದವರೆಗೆ ಅದೇ ಪದ. ಇಲ್ಲಿಯವರಿಗೆ ಅದು ಲೋಹದ ಡ್ರಮ್ಮು. ಪ್ರೊಫೆಸರ್ ಎರಡು ಕಡೆ ‘ಸ್ಪಷ್ಟವಿಲ್ಲ’ ಎಂದು ಬರೆದದ್ದು ನಿಖರವಾಗಿ ಆ ಪದದ ಪಕ್ಕದಲ್ಲಿತ್ತು. ನಾನು ಅಲ್ಲಿ ಕ್ರಿಯಾಪದ ತಪ್ಪಾಗಿದೆಯೆಂದು ಎರಡು ದಿನ ಹುಡುಕಿದ್ದೆ.

ನಕ್ಕೆವು. ಕೆರೆ ಎಂದರೆ ಏನು ಹೇಳು ಎಂದಳು. ಹೇಳಿದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ, ಇಳಿಜಾರಿಗೆ ಅಡ್ಡಲಾಗಿ ಏರಿ, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ಹೀಗೆ ಸರಮಾಲೆ. ಮಳೆ ಕೈಕೊಟ್ಟು, ಹೂಳು ತುಂಬಿ, ಸಾವಿರ ಅಡಿ ಕೊರೆದರೂ ನೀರು ಬಾರದ ಕಾಲಕ್ಕೆ 2018ರಲ್ಲಿ ಬೆಂಗಳೂರಿನ ನೀರು ಬಂತು. ಬಂದ ವರ್ಷವೇ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಕೋರ್ಟಿಗೆ ಹೋಯಿತು. ಎರಡು ಹಂತದ ಶುದ್ಧೀಕರಣ ಸಾಕೆಂದು ಸರ್ಕಾರ, ಮೂರನೆಯ ಹಂತವೂ ಬೇಕೆಂದು ಹೋರಾಟಗಾರರು. ನಮ್ಮ ಚಿಕ್ಕಪ್ಪನ ಬಾವಿಯಲ್ಲಿ ಈಗ ನೀರಿದೆ, ಆದರೆ ಚಿಕ್ಕಮ್ಮ ಅದನ್ನು ಅಡುಗೆಗೆ ಮುಟ್ಟುವುದಿಲ್ಲ ಎಂದೆ. ನೀರಿನ ಮಟ್ಟ ಅಳೆದವರ ಲೇಖನಗಳಲ್ಲಿ ಚಿಕ್ಕಮ್ಮನ ಭಯ ಇಲ್ಲ, ಗುಣಮಟ್ಟ ಅಳೆದವರ ಲೇಖನಗಳಲ್ಲಿ ಚಿಕ್ಕಪ್ಪನ ಬಾವಿ ಇಲ್ಲ ಎಂದೂ ಸೇರಿಸಿದೆ.

ನಾನು ಐದಾರು ನಿಮಿಷ ಮಾತನಾಡಿರಬೇಕು. ಅವಳು ತಲೆಯೆತ್ತದೆ ಬರೆಯುತ್ತಿದ್ದಳು. ಕೊನೆಗೆ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ನಾನು ಆಡಿದ ಮಾತುಗಳೇ, ನನ್ನ ಪದಗಳೇ. ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ. ‘ಇದು ನಿನ್ನ ಕರಡಿನಲ್ಲಿ ಎಲ್ಲಿದೆ ತೋರಿಸು’ ಎಂದಳು.

ಎಲ್ಲಿಯೂ ಇರಲಿಲ್ಲ. ಹಸಿರು ಪೆನ್ನು ಅಕ್ಕ, ನೀವು ಪಂಥ ಸೋತಿರಿ, ಉಪಸಂಹಾರದಲ್ಲೂ ಇರಲಿಲ್ಲ. ನನ್ನ ಕರಡು ಹಾಜರಿ ಪುಸ್ತಕದಂತಿತ್ತು. ಒಂದು ಪ್ಯಾರಾಕ್ಕೆ ಒಬ್ಬ ಲೇಖಕರು, ಬಂದರು, ಇಂಥದ್ದು ಹೇಳಿದರು, ಹೋದರು, ಮುಂದಿನವರು ಬಂದರು. ಹದಿನಾಲ್ಕು ಲೇಖನ, ಹದಿನಾಲ್ಕು ‘ಪ್ರೆಸೆಂಟ್ ಸರ್’. ನೀವು ಹೇಳಿದಂತೆ ಹಿಂದಿನ ರಾತ್ರಿ ಪ್ಯಾರಾದ ಪಕ್ಕದಲ್ಲಿ ಒಂದೊಂದು ಸಾಲು ಬರೆಯಲು ಕುಳಿತಾಗ, ಎಲ್ಲದರ ಪಕ್ಕದಲ್ಲೂ ಹೆಸರನ್ನು ಬಿಟ್ಟು ಬೇರೇನೂ ಬರೆಯಲು ತೋಚಿರಲಿಲ್ಲ.

ಗ್ರಾಮರ್ ಮರೆಯಲಿಲ್ಲ, ಕೊನೆಯ ಹತ್ತು ನಿಮಿಷ ಅದಕ್ಕೇ ಕೊಟ್ಟಳು. ಒಂದು ಪ್ಯಾರಾದಲ್ಲಿ ‘ದಿ’ ತಪ್ಪಿದ ಒಂದು ಜಾಗ ತೋರಿಸಿ, ಇಂಥವು ಇನ್ನೂ ಏಳಿವೆ, ಹುಡುಕು ಎಂದಳು. ನಾಲ್ಕು ಸಿಕ್ಕವು. ಉಳಿದ ಮೂರರಲ್ಲಿ ಒಂದಕ್ಕೆ ಕಾರಣ ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಿ, ‘ಗೊತ್ತಿಲ್ಲ, ನನ್ನ ಕಿವಿಗೆ ಹಾಗೆ ಕೇಳುತ್ತದೆ’ ಎಂದಳು. ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆಗ. ಹಸಿವಾದಾಗ ‘ನಾನು’ ಏಕೆ ‘ನನಗೆ’ ಆಗುತ್ತದೆ ಎಂದು ಅವಳು ನನ್ನನ್ನು ಕೇಳಿದ್ದರೆ ನಾನೂ ತಲೆ ಕೆರೆದುಕೊಳ್ಳುತ್ತಿದ್ದೆ.

ಸಮಾಧಾನವೊಂದೇ ಎನ್ನಲಾರೆ. ವಾಕ್ಯದ ನಡುವೆಯೇ ಸಮಯ ಮುಗಿಯಿತು, ಮುಂದಿನ ಹುಡುಗ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾಲ್ಕು ಪುಟ ಒಯ್ದವಳು ಆರು ವಾಕ್ಯ ಹಿಡಿದುಕೊಂಡು ಹೊರಬಂದೆ. ಬಸ್ಸಿನಲ್ಲಿ ಕುಳಿತು ಸಿಟ್ಟೇ ಬಂತು, ಇನ್ನು ಏಳೇ ದಿನ, ಎಲ್ಲವನ್ನೂ ಕೆಡವಿಬಿಟ್ಟಳಲ್ಲ ಎಂದು. ಮನೆಯಲ್ಲಿ ರೂಮ್‌ಮೇಟ್ ಚಿತ್ತೂರಿನವಳು, ನಮ್ಮದೂ ಅರ್ಧ ತೆಲುಗಿನ ಊರಾದ್ದರಿಂದ ಬಯ್ಯಲು ಭಾಷೆಗೆ ಕೊರತೆಯಿರಲಿಲ್ಲ. ಬೈದು ಮುಗಿದ ಮೇಲೆ ಲೇಖನಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಚಿಕ್ಕಪ್ಪನ ಗುಂಪು, ಚಿಕ್ಕಮ್ಮನ ಗುಂಪು. ಹದಿನಾಲ್ಕರಲ್ಲಿ ಒಂಬತ್ತು ಆ ಕಡೆ, ನಾಲ್ಕು ಈ ಕಡೆ. ಒಂದೇ ಒಂದು ನಡುವೆ ನಿಂತಿತು. ರಾತ್ರಿ ಎರಡರವರೆಗೆ ಬರೆದೆ.

ಗುರುವಾರ ರಾತ್ರಿ ಎಂಟಕ್ಕೆ ಆನ್‌ಲೈನಿನಲ್ಲಿ ಅವಳದೇ ವೇಳೆ ಮತ್ತೆ ಸಿಕ್ಕಿದೆ.

---

ಕಾಂಕ್ರೀಟು

ನನ್ನ ಇತಿಹಾಸದ ಹುಡುಗ ನನ್ನನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ಅಥವಾ ನಾನು ಕೇಳಲು ಬಿಡಲಿಲ್ಲವೋ ಏನೋ, ಮೂರು ವರ್ಷವಾಯಿತು. ಬಿಸಿಬೇಳೆಬಾತಿನ ಸಲಹೆಯನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

---

ಹಸಿರು ಪೆನ್ನು

ಸೋತ ಪಂಥದ ಬಾಬ್ತು ಒಂದು ಕಾಫಿ ಬಾಕಿ ಇದೆ. ಕೆರೆಗೆ ಕೊನೆಗೆ ಏನೆಂದು ಬರೆದಿರಿ?

---

ಮುಳಬಾಗಿಲಿನ ಹುಡುಗಿ

‘ಕೆರೆ’ ಎಂದೇ ಬರೆದೆ ಅಕ್ಕ, ಓರೆ ಅಕ್ಷರದಲ್ಲಿ. ಮೊದಲ ಸಲ ಬಂದಲ್ಲಿ ಏನೆಂದು ಒಂದು ಸಾಲಿನ ವಿವರಣೆ, ಭಾರತದ ಇಂಗ್ಲಿಷಿನಲ್ಲಿ ಇದಕ್ಕೆ ಟ್ಯಾಂಕ್ ಎನ್ನುತ್ತಾರೆ ಎಂದೂ ಹೇಳಿದೆ. ಇನ್ನೂ ಎರಡು ಪದ ಉಳಿದಿವೆ, ತೂಬು ಮತ್ತು ಕೋಡಿ. ಗುರುವಾರದೊಳಗೆ ಯಾರಾದರೂ ಹೇಳಿದರೆ ಉಪಕಾರ.

---

ಕಾಲೇಜು ಮೇಷ್ಟ್ರು

ತೂಬಿಗೆ ಸ್ಲೂಯಿಸ್. ಕೋಡಿಗೆ ನಮ್ಮ ನೀರಾವರಿಯವರು ವೇಸ್ಟ್ ವಿಯರ್ ಎಂದು ಬರೆಯುತ್ತಾರೆ. ನಿಮ್ಮ ನಾಟಕದ ಹುಡುಗಿಗೆ ಸ್ಪಿಲ್‌ವೇ ಎಂದರೆ ಬೇಗ ತಿಳಿಯಬಹುದು. ಎರಡನ್ನೂ ಹೇಳಿ ನೋಡಮ್ಮ, ಯಾವುದಕ್ಕೆ ಹುಬ್ಬೇರಿಸುತ್ತಾಳೆ ನೋಡಿಕೊಂಡು ಇನ್ನೊಂದನ್ನು ಬರಿ.